ಗುಡಿಸಿದ ದಾರಿ

ಮಣಿಪಾಲದ ಡಾಕ್ಟರು ಕಾಲಿನ ಪ್ಲಾಸ್ಟರ್ ಕತ್ತರಿಸಿ ತೆಗೆದಾಗ, ಇನ್ನೇನು ಬೋಟು ಹತ್ತುವುದೇ ಎಂದು ದೇಜಪ್ಪ ಅಂದುಕೊಂಡಿದ್ದ. ಕಡಲತಡಿಯ ಎರ್ಮಾಳಿನವನಾದ ಅವನು ಮೀಸೆ ಮೂಡುವ ಮೊದಲೇ ಕಡಲಿಗೆ ಇಳಿದವನು. ದೀಪಾವಳಿ ಕಳೆದ ಮೇಲೆ ಮಲ್ಪೆಯ ಟ್ರಾಲರಿನಲ್ಲಿ ಬಲೆ ಎಳೆಯುವ ಹಗ್ಗ ಬಡಿದು ಬಲಗಾಲಿನ ಮೂಳೆ ಮುರಿದಿತ್ತು. ಡಾಕ್ಟರು ಮಾತ್ರ, ಬೋಟಿನ ಮಾತು ಈಗ ಬೇಡ, ದಿನಾ ಗಟ್ಟಿ ನೆಲದ ಮೇಲೆ ನಡೆಯಬೇಕು, ಸ್ವಲ್ಪ ಏರು ಇದ್ದರೆ ಇನ್ನೂ ಒಳ್ಳೆಯದು, ಕಾಲು ಹೂತುಹೋಗುವ ಹೊಯಿಗೆಯಲ್ಲಿ ನಡೆಯಬಾರದು ಎಂದರು. ಎರ್ಮಾಳಿನ ಮನೆಯ ಸುತ್ತ ಇದ್ದದ್ದು ಹೊಯಿಗೆ ಮಾತ್ರ. ಹಾಗಾಗಿ ಅಕ್ಕ ಪುಷ್ಪಾವತಿ ಅವನನ್ನು ಬಸ್ಸು ಹತ್ತಿಸಿ ಕಾರ್ಕಳದ ಹೊರಗಿನ ತನ್ನ ಮನೆಗೆ ಕರೆತಂದಳು. ಮನೆಯ ಹಿಂದೆಯೇ ಮರ ತುಂಬಿದ ಹಾಡಿ, ಹಾಡಿಯೊಳಗೆ ಗುಡ್ಡೆ ಹತ್ತುವ ಕಾಲುದಾರಿ.

ಅದು ಎಂಬತ್ತೆರಡನೇ ಇಸವಿಯ ಫೆಬ್ರವರಿ. ಚಳಿ ಬಿಟ್ಟಿತ್ತು, ಸೆಕೆ ಪೂರ್ತಿ ಕೂತಿರಲಿಲ್ಲ. ಗೇರು ಹೂ ಬಿಟ್ಟಿತ್ತು. ಉಳಿದ ಮರಗಳು ಹಗಲೂ ರಾತ್ರಿ ಎಲೆ ಉದುರಿಸುತ್ತಿದ್ದವು. ಊರುಗೋಲು ಹಿಡಿದು ದೇಜಪ್ಪ ದಿನಾ ಬೆಳಿಗ್ಗೆ ಹಾಡಿಗೆ ಹೋಗುತ್ತಿದ್ದ, ದಿನಾ ಸಿಟ್ಟಿನಲ್ಲಿ ವಾಪಸು ಬರುತ್ತಿದ್ದ. ಅಲ್ಲಿ ಗಾಳಿ ಆಡುವುದಿಲ್ಲ. ಎತ್ತ ನೋಡಿದರೂ ಮರ ಅಡ್ಡ. ಕೆಂಪಿರುವೆಗಳು ಲುಂಗಿಯೊಳಗೆ ನುಗ್ಗುತ್ತವೆ. ಅಲೆಯ ಮೇಲೆ ಕುಣಿಯುವ ಹಲಗೆಯಲ್ಲಿ ಕೈಬಿಟ್ಟು ನಿಲ್ಲುತ್ತಿದ್ದವನು ಅಲ್ಲಾಡದ ನೆಲದ ಮೇಲೆ ಮುದುಕನ ಹಾಗೆ ತಡವರಿಸುವುದು ಅವನಿಗೇ ನಾಚಿಕೆ.

ಭಾವ ಚೆನ್ನಪ್ಪನಿಗೆ ಕಾರ್ಕಳದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಜಾಗವಿತ್ತು. ಮಲ್ಪೆಯಿಂದ ಲಾರಿಯಲ್ಲಿ ಮೀನಿನ ಜೊತೆ ಬರುವ ಸುದ್ದಿಯನ್ನೆಲ್ಲ ಅವನು ಸಂಜೆ ಮನೆಗೆ ತರುತ್ತಿದ್ದ. ಒಂದು ಸಂಜೆ ಊಟಕ್ಕೆ ಕೂತಾಗ, ದೇಜಪ್ಪ ದುಡಿಯುತ್ತಿದ್ದ ಬೋಟಿಗೆ ಬಂಗುಡೆ ಚೆನ್ನಾಗಿ ಸಿಗುತ್ತಿದೆಯೆಂದೂ, ಅವನ ಜಾಗಕ್ಕೆ ಕೂಸಪ್ಪ ಎಂಬವನನ್ನು ಹಾಕಿಕೊಂಡಿದ್ದಾರೆಂದೂ ಹೇಳಿದ. ಈ ಸೀಸನ್ನಿಗೆ ಮಾತ್ರವಂತೆ ಎಂದು ಮೆಲ್ಲಗೆ ಸೇರಿಸಿದ. ದೇಜಪ್ಪ ಅರ್ಧ ಊಟಕ್ಕೇ ಕೈ ತೊಳೆದ.

ಮರುದಿನ ಚಹಾಕ್ಕೂ ಕಾಯದೆ ಹಾಡಿಗೆ ನಡೆದ. ತಿರುವಿನಾಚೆ ಹಿಡಿಸೂಡಿಯಿಂದ ಗುಡಿಸುವ ಸದ್ದು ಕೇಳಿಸಿತು. ದನದ ಹಟ್ಟಿಗೆ ಹಾಸಲು ತರಗೆಲೆ ತರುತ್ತೇನೆಂದು ಅಕ್ಕ ದಿನಾ ಬೇಗ ಹಾಡಿಗೆ ಬರುವುದು ಅವನಿಗೆ ಗೊತ್ತಿತ್ತು. ಆದರೆ ಅವಳು ಎಲೆ ರಾಶಿ ಬಿದ್ದ ಮರದ ಬುಡ ಬಿಟ್ಟು ಕಾಲುದಾರಿಯನ್ನೇ ಗುಡಿಸುತ್ತಿದ್ದಳು. ಸಡಿಲ ಕಲ್ಲುಗಳನ್ನು ಹೆಕ್ಕಿ ಬದಿಗೆ ಹಾಕುತ್ತಿದ್ದಳು. ಇಷ್ಟು ದಿನ ತನ್ನ ಕಾಲು ಜಾರದೆ ಇದ್ದದ್ದು ಏಕೆಂದು ದೇಜಪ್ಪನಿಗೆ ಆಗ ಹೊಳೆಯಿತು. ಕಾಲಿಗೆ ಬಲ ಬರುತ್ತಿದೆ ಎಂದು ಒಳಗೊಳಗೆ ಖುಷಿಪಟ್ಟಿದ್ದ ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

“ಹಟ್ಟಿಗೆ ಬೇಕಾದ ಎಲೆ ಮರದಡಿ ಉಂಟಲ್ಲ, ದಾರಿ ಎಂತಕ್ಕೆ ಗುಡಿಸುವುದು?” ಎಂದ.

ಪುಷ್ಪಾವತಿ ಬೆನ್ನು ನೆಟ್ಟಗೆ ಮಾಡಿದಳು. “ನೀನು ಜಾರಿ ಬಿದ್ದರೆ ಮತ್ತೆ ಪ್ಲಾಸ್ಟರ್, ಮಾರಾಯ.”

“ಬೋಟಿನಲ್ಲಿ ನನಗೆ ಯಾರು ಗುಡಿಸಿಕೊಡುತ್ತಾರೆ?”

ಅವಳ ಉತ್ತರಕ್ಕೆ ನಿಲ್ಲದೆ, ಯಾರೂ ಗುಡಿಸದ ಇನ್ನೊಂದು ದಾರಿಗೆ ತಿರುಗಿ ಗುಡ್ಡೆ ಹತ್ತತೊಡಗಿದ. ಎಲೆಯಡಿ ಮುರಕಲ್ಲು ಎಲ್ಲಿ ಚೂಪಾಗಿದೆ, ಎಲ್ಲಿ ಹೊಂಡವಿದೆ ಒಂದೂ ತಿಳಿಯದು. ಆದರೂ ಸಿಟ್ಟಿನ ಬಲದಲ್ಲಿ ಮುಕ್ಕಾಲು ಏರು ಹತ್ತಿದ. ಅಲ್ಲಿ ಎಲೆಯ ಪದರವೇ ಕಾಲಡಿಯಿಂದ ಜಾರಿತು. ನಿಂತಲ್ಲೇ ಕುಸಿದು ಬಿದ್ದ. ಊರುಗೋಲು ಉರುಳುತ್ತ ಕೆಳಗೆ ಹೋಗಿ ಪೊದೆಯಲ್ಲಿ ಸಿಕ್ಕಿಕೊಂಡಿತು.

ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಏಳಲಾಗಲಿಲ್ಲ. ಎಡಗಾಲು ಊರಿದರೆ ಎಲೆ ಜಾರುತ್ತದೆ, ಬಲಗಾಲು ಭಾರ ಹೊರುವುದಿಲ್ಲ. ಬಿಸಿಲೇರಿತು, ಇರುವೆಗಳು ಬಂದವು. ಕೆಳಗಿನಿಂದ ಅಕ್ಕ ಅವನ ಹೆಸರು ಹಿಡಿದು ಕರೆಯುತ್ತಿದ್ದಳು. ತುಂಬ ಹೊತ್ತು ಅವನು ಓಗೊಡಲಿಲ್ಲ. ಕೊನೆಗೆ ಅವಳ ದನಿ ಅಳುವಿನ ಹತ್ತಿರ ಬಂದಾಗ, ಇಲ್ಲಿದ್ದೇನೆ ಎಂದ.

ಅವಳು ಊರುಗೋಲು ಹೆಕ್ಕಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದು, ಅವನ ಕಂಕುಳಿಗೆ ಕೈ ಹಾಕಲು ಬಗ್ಗಿದಳು.

“ಮುಟ್ಟಬೇಡ ಅಕ್ಕ. ಅಲ್ಲೇ ನಿಲ್ಲು.”

ಅವಳು ನಿಂತಳು. ದೇಜಪ್ಪ ಎರಡೂ ಕೈಗಳಿಂದ ಎಲೆ ಬಳಿದು ಬದಿಗೆ ಹಾಕಿ, ಬರಿಯ ಕಲ್ಲು ಸಿಗುವವರೆಗೆ ಕೆದಕಿದ. ಗೇರು ಮರದ ಬೇರು ಹಿಡಿದು ಎದ್ದ, ಬಿದ್ದ, ಮತ್ತೆ ಎದ್ದ. ಪುಷ್ಪಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳೇ ಹೊರತು ಹತ್ತಿರ ಬರಲಿಲ್ಲ. ಅವನು ನಿಂತ ಮೇಲೆಯೇ ಊರುಗೋಲು ಚಾಚಿದಳು.

ಇಳಿಯುವಾಗ ಅವಳು ಮುಂದೆ, ಅವನು ಹಿಂದೆ. ಒಂದು ಕಡೆ ಎಲೆ ಸರಿಸಲು ಅವಳ ಪಾದ ತಾನಾಗಿಯೇ ಚಾಚಿತು. ಅವಳು ಅದನ್ನು ಹಿಂದೆಗೆದುಕೊಂಡಳು. ನಾಳೆಯಿಂದ ತಾನು ಹಾಡಿಗೇ ಬರುವುದಿಲ್ಲ ಎಂದಳು.

“ಬಾ. ಹಟ್ಟಿಗೆ ಎಲೆ ಬೇಕಲ್ವಾ?” ಎಂದ ಅವನು. “ಮರದಡಿ ಗುಡಿಸು.”

ಸಂಜೆಗೆ ಕಾಲು ಬಾತುಕೊಂಡಿತು. ಕೆಲವು ದಿನ ಜಗಲಿ ಬಿಟ್ಟು ಇಳಿಯಲಾಗಲಿಲ್ಲ. ಮಲಗಿದಲ್ಲೇ ಹಾಡಿಯನ್ನು, ಡಾಕ್ಟರನ್ನು, ಕೂಸಪ್ಪನನ್ನು, ತನ್ನ ಕಾಲನ್ನು ಬೈದ. ಈ ಸೀಸನ್ನು ಕೈಬಿಟ್ಟು ಹೋಯಿತೆಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾವು ಇಳಿದ ಬೆಳಿಗ್ಗೆ ಬೇಲಿ ದಾಟಿ ನೋಡಿದರೆ ಕಾಲುದಾರಿಯೇ ಕಾಣುತ್ತಿರಲಿಲ್ಲ. ಅಷ್ಟೂ ದಿನದ ಎಲೆ ಅದರ ಮೇಲೆ ಬಿದ್ದಿತ್ತು. ಆಚೆ ಮರದಡಿಯಲ್ಲಿ ಅಕ್ಕ ಇತ್ತ ತಿರುಗದೆ ಗುಡಿಸುತ್ತಿದ್ದಳು. ದೇಜಪ್ಪ ಕೋಲಿನ ತುದಿಯಿಂದ ಎಲೆ ಸರಿಸಿ ನೆಲ ತಡವಿದ. ಕೆಟ್ಟದೊಂದು ಮಾತು ಬೈದು, ಬಲಗಾಲು ಮುಂದಿಟ್ಟ.