ಹಿಂದಿನ ಸಾಲಿನ ಕಂಬ

“ಎಳಿಯೋ ಸೂಳೆಮಗ್ನೆ! ಕಂಬಾನ ಮದ್ವೆ ಆಗಿದೀಯೇನೋ?”

ಮೇಸ್ತ್ರಿ ದೋನ್ ಒನೋಫ್ರೆಯ ಬೂಟು ಎವರಿಸ್ತೊನ ಪಕ್ಕೆಗೆ ಬಿತ್ತು. ಅರೌಕೊ ಕೊಲ್ಲಿಯ ಕಡಲಡಿಯ ಕಲ್ಲಿದ್ದಲು ಗಣಿ, ಎದೆಯೆತ್ತರದ ಆ ಬಿಲದಲ್ಲಿ ನೆಟ್ಟಗೆ ನಿಂತು ಒದೆಯಲಾಗದು; ಒನೋಫ್ರೆ ಕೂತಲ್ಲಿಂದಲೇ ಒದೆಯುವುದನ್ನು ಕಲಿತಿದ್ದ.

ಕಲ್ಲಿದ್ದಲು ಕಡಿದಷ್ಟೂ ಮುಂದೆ ಹೊಸ ಕಂಬ ನಿಲ್ಲಿಸಬೇಕು. ಹಿಂದಿನ ಸಾಲನ್ನು ಸರಪಳಿ ಹಾಕಿ, ದೂರದಿಂದ ಅದರ ಹಿಡಿ ಜಗ್ಗಿ ಎಳೆದು ಅಲ್ಲಿಯ ಚಾವಣಿಯನ್ನು ಬೀಳಗೊಡಬೇಕು. ಬೀಳದೆ ತೂಗಿತೋ, ಭಾರವೆಲ್ಲ ಮುಂದಿನವರ ನೆತ್ತಿಗೆ. ಇವತ್ತು ಹಿಂದೆ ಉಳಿದದ್ದು ಒಂದೇ ಉಕ್ಕಿನ ಕಂಬ. ಅದರ ಬುಡದಲ್ಲೇ, ಕಳಚಿದ ಬಂಡೆಗೆ ತೊಡೆ ಸಿಕ್ಕಿಸಿಕೊಂಡು ಎವರಿಸ್ತೊನ ಹೆಂಡತಿಯ ತಮ್ಮ ಸೆಲೆದೊನಿಯೊ ಬಿದ್ದಿದ್ದ.

“ಉಸಿರಾಡ್ತಾವ್ನೆ, ದಣಿ. ಅರ್ಧ ಗಂಟೆ ಕೊಡಿ, ಅಗೆದು ತೆಗೀತೀವಿ.”

“ಸತ್ತ ಅಂತ ಮೇಲಕ್ಕೆ ಹೇಳಿಯಾಯ್ತು. ಎಳಿ.”

“ನಿಮ್ಮಪ್ಪ ಸತ್ತ!” ಬಂಡೆಯಡಿಯಿಂದ ಸೆಲೆದೊನಿಯೊ ಅರಚಿದ. “ಭಾವ, ಎಳೆದ್ಯೋ, ನಮ್ಮಕ್ಕ ನಿನ್ನ ಒಳೀಕೇ ಬಿಟ್ಕೊಳಲ್ಲ ನೋಡು!”

ಪಕ್ಕದಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದ ಮುದುಕ ಅಬುಂದಿಯೊ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಚಾವಣಿ ಗುಡುಗಿತು. ಪುಡಿಗಲ್ಲು ಹೆಗಲ ಮೇಲೆ ಸುರಿಯಿತು.

ಒನೋಫ್ರೆ ಬೆದರಿದ. ಬೆದರಿದ್ದು ತೋರಬಾರದೆಂದು ಕೈಯಲ್ಲಿದ್ದ ಸರಳಿನಿಂದ ಎವರಿಸ್ತೊನ ಬಾಯಿಗೆ ಬಾರಿಸಿದ. ಎರಡು ಹಲ್ಲು ನಾಲಿಗೆಗೆ ಉದುರಿದವು.

“ತೊಲಗು. ನಾನೇ ಎಳೀತೀನಿ.” ತೆವಳಿ ಹೋಗಿ ಸರಪಳಿಯ ಹಿಡಿಗೆ ಕೈ ಹಾಕಿದ.

ಎವರಿಸ್ತೊ ಗಣಿಯವರನ್ನು ಕಾಯುವ ಸಂತ ಲೊರೆನ್ಸೊನ ಹೆಸರು ಹೇಳಿದ, ಹಲ್ಲು ಉಗುಳಿದ, ಒನೋಫ್ರೆಯ ಮೇಲೆ ಬಿದ್ದ. ಹಿಡಿಯ ಮೇಲಿದ್ದ ಆ ಕೈಯನ್ನು ಹಿಂದಕ್ಕೆ ತಿರುಚಿದ. ಮೊಳಕೈ ಲಟ್ಟೆಂದಿತು. ಊಳಿಡುತ್ತಿದ್ದವನ ಕೂದಲು ಹಿಡಿದು ಕಂಬದ ಬುಡಕ್ಕೆ ಎಳೆದೊಯ್ದ. ಸರಪಳಿಯ ಬಾಲವನ್ನು ಅವನ ಕೊರಳಿಗೂ ಕಂಬಕ್ಕೂ ಸುತ್ತಿ ಕೊಕ್ಕೆ ಬಿಗಿದ.

“ಈಗ ಹೇಳು ದಣಿ. ಎಳೀಲಾ?”

“ಬ್ಯಾಡ... ಬ್ಯಾಡ ಕಣಪ್ಪ...”

“ಕಣಪ್ಪ ಅಂತೆ!” ಅಬುಂದಿಯೊ ಹಿಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. “ಇಪ್ಪತ್ತೊರ್ಷದಲ್ಲಿ ಮೊದಲನೇ ಸಲ. ಇದ್ನ ನಾನ್ ಕಾಯ್ತೀನಿ. ಅಗೀರಿ.”

“ಕೇಳಿಸ್ತಾ?” ಎವರಿಸ್ತೊ ಒನೋಫ್ರೆಯ ಮುಖವನ್ನು ಬಂಡೆಯತ್ತ ತಿರುಗಿಸಿದ. “ಇನ್ನೊಂದು ಕೈ ಐತಲ್ಲ. ಅಗಿ.”

“ಬಿರ್ರನೆ ಅಗಿಯೋ,” ಸೆಲೆದೊನಿಯೊನ ದನಿ ತೆಳ್ಳಗಾಗಿತ್ತು. “ಕಾಲು ತಣ್ಣಗಾಯ್ತಾ ಐತೆ.”

ಒನೋಫ್ರೆ ಅಳುತ್ತಲೇ ಐದು ಬೆರಳಲ್ಲಿ ಕಲ್ಲುಪುಡಿ ಬಾಚತೊಡಗಿದ. ಉಗುರು ಕಿತ್ತುಬಂದವು. ಎವರಿಸ್ತೊ ಅವನ ಪಕ್ಕ ಮಂಡಿಯೂರಿ ಬಂಡೆಯಡಿಗೆ ಹಾರೆ ತೂರಿಸಿದ. ಮೇಲೆ ಚಾವಣಿ ಉದ್ದಕ್ಕೆ ಬಿರಿಯಿತು.

ಇಬ್ಬರೂ ಅಗೆಯುತ್ತಲೇ ಇದ್ದರು, ತಲೆಯೆತ್ತಲಿಲ್ಲ.