ಸಾಮಾನು ನೋಡ್ಕೋ

ವಾರವಿಡೀ ನಾನು ದೊಡ್ಡ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಕೂತು ಗಿರಾಕಿಗಳ ಚೀಲ ಕಾಯುತ್ತೇನೆ. ಚೀಲ ಇಸಿದುಕೊಂಡು ಟೋಕನ್ ಕೊಡುವುದು, ಟೋಕನ್ ಇಸಿದುಕೊಂಡು ಚೀಲ ಕೊಡುವುದು. ತಲೆಯ ಮೇಲೊಂದು ಬೋರ್ಡಿದೆ: ‘ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ.’ ರಜೆಯ ದಿನವಾದರೂ ಊರಾಚೆಯ ಸರ್ಕಾರಿ ಕಾಡಿಗೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಅದರೊಳಗೆ ಒಂದು ಕೆರೆಯಿದೆಯಂತೆ. ಅದನ್ನು ನೋಡಬೇಕಿತ್ತು.

ಹಟ ನನ್ನದು, ಹೊರಟಿದ್ದು ಇಡೀ ಪಟಾಲಂ. ಗಂಡ, ಅವರ ಅಕ್ಕ, ಅಕ್ಕನ ಯಜಮಾನರು. ಅತ್ತಿಗೆ ಮದುವೆಮನೆಗೆ ಹೊರಟವರಂತೆ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿದ್ದರು. ಭಾವ ಹಾಡು ಹಾಕುವ ಸ್ಪೀಕರನ್ನು ಕೂಸಿನಂತೆ ಎತ್ತಿಕೊಂಡಿದ್ದರು. ‘ಮೌನ ಕಾಪಾಡಿ’ ಎಂಬ ಫಲಕವನ್ನು ನನ್ನ ಗಂಡ ಕಾಡಿಗೆಲ್ಲ ಕೇಳುವಂತೆ ಓದಿದರು.

ಕಾಲುದಾರಿ ಶುರುವಾಗುವಲ್ಲಿ ಕಲ್ಲುಬೆಂಚಿತ್ತು. ಚಾಪೆ, ತಿಂಡಿ ಡಬ್ಬ, ನೀರಿನ ಕ್ಯಾನು, ಅತ್ತಿಗೆಯ ಕೈಚೀಲ ಎಲ್ಲ ಅದರ ಮೇಲೆ ಬಂದು ಬಿದ್ದವು.

“ಕೋತಿ ಕಾಟ ಇರತ್ತೆ. ನೀನಿಲ್ಲೇ ಸಾಮಾನು ನೋಡ್ಕೋ, ನಾವು ಕಾಡು ನೋಡ್ಕೊಂಡು ಬರ್ತೀವಿ,” ಎಂದರು ಗಂಡ.

“ಕೆರೆ ನೋಡ್ಬೇಕು ಅಂದಿದ್ದು ನಾನು.”

“ಫೋಟೋ ತಕ್ಕೊಂಡು ಬರ್ತೀವಿ ಬಿಡೇ. ಚೀಲ ಕಾದು ನಿಂಗೆ ಅಭ್ಯಾಸ ಇದೆಯಲ್ಲ,” ಎಂದು ಅತ್ತಿಗೆ ನಕ್ಕರು.

ನೋಡುವುದು ಅವರಿಗೆ, ನೋಡಿಕೊಳ್ಳುವುದು ನನಗೆ. ಮದುವೆಯಾದಾಗಿನಿಂದ ಈ ಒಂದು ಕ್ರಿಯಾಪದದಲ್ಲೇ ನಮ್ಮ ಸಂಸಾರ ಸಾಗಿದೆ.

ಹಾಡಿನ ಸದ್ದು ಮರಗಳ ಹಿಂದೆ ಸಣ್ಣದಾಯಿತು. ಪೂರ್ತಿ ಅಡಗುವ ಮೊದಲೇ ಮತ್ತೆ ದೊಡ್ಡದಾಯಿತು. ಹೋದವರು ಬಂದೇಬಿಟ್ಟಿದ್ದರು. ಅತ್ತಿಗೆಯ ಚಪ್ಪಲಿ ಕೈಗೇರಿತ್ತು.

“ಕೆರೆ ಹೇಗಿತ್ತು?”

“ಅಲ್ಲೀತನಕ ಯಾರು ಹೋಗ್ತಾರಮ್ಮಾ! ಏನಿದೆ ಅಲ್ಲಿ, ಬರೀ ಮರ,” ಎಂದರು ಭಾವ.

ಗಂಡ ಆಗಲೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದ್ದರು. “ಹೊಟ್ಟೆ ಚುರುಗುಟ್ತಿದೆ, ಬಡಿಸು.”

ಕಾಡಿನಲ್ಲಿ ಮರಗಳಿವೆ ಎಂದು ಕಂಡುಹಿಡಿದು ಬಂದವರಿಗೆ ಹಸಿವಾಗದಿರುತ್ತದೆಯೇ. ನಾನು ಎದ್ದು ಸೆರಗು ಸಿಕ್ಕಿಸಿಕೊಂಡೆ.

“ಎಲ್ಲಿಗೆ?”

“ಕೆರೆಗೆ.”

“ಒಬ್ಳೇನಾ? ಯಾವ ಡಬ್ಬದಲ್ಲಿ ಏನಿದೆ ಅಂತ ನಂಗೇನು ಗೊತ್ತು?”

“ಮುಚ್ಚಳ ತೆಗೆದ್ರೆ ಗೊತ್ತಾಗತ್ತೆ.”

“ಕೋತಿ ಬಂದ್ರೆ?”

“ಭಾವನಿಗೆ ಹಾಡು ಹಾಕಕ್ಕೆ ಹೇಳಿ. ಓಡಿಹೋಗ್ತವೆ.”

ಅತ್ತಿಗೆ ಡಬ್ಬಗಳ ನಡುವೆ ತಡಕಾಡುತ್ತಿದ್ದರು. “ಏ, ನನ್ನ ಕೈಚೀಲ ಎಲ್ಲಿಟ್ಟೆ?”

“ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ,” ಎಂದೆ, ಬೋರ್ಡಿನಲ್ಲಿದ್ದಂತೆಯೇ.

ಗಂಡ ಎರಡು ಸಲ ಕೂಗಿದರು. ಎದ್ದು ಬರಲಿಲ್ಲ, ಮಡಿಲಲ್ಲಿ ಡಬ್ಬವಿತ್ತಲ್ಲ. ನಾನು ತಿರುವು ದಾಟಿದೆ. ಭಾವ ಹೇಳಿದ್ದು ನಿಜ. ಬರೀ ಮರ.