ಎಲ್ಲ ದಿಕ್ಕಿನಿಂದಲೂ

ಮೂರು ಸಲವೂ ದೇವರಾಜು ಫೇಲಾದದ್ದು ಉತ್ತರ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದ ಉತ್ತರವನ್ನು ನಂಬಲಾರದೆ. ಬಿ.ಎಸ್ಸಿ.ಯ ಉಳಿದ ಪೇಪರುಗಳೆಲ್ಲ ಎಂದೋ ಮುಗಿದಿದ್ದವು. ಕಾಂಪ್ಲೆಕ್ಸ್ ಅನಾಲಿಸಿಸ್ ಎನ್ನುವ ಒಂದೇ ಒಂದು ಪೇಪರು ಮಾತ್ರ ಅವನನ್ನು ಹಿಡಿದುಕೊಂಡು ಕೂತಿತ್ತು. ಹಳೆಯ ಸ್ಕೀಮಿನವರಿಗೆ ೧೯೯೬ರ ಅಕ್ಟೋಬರೇ ಕೊನೆಯ ಅವಕಾಶ ಎಂದು ಕಾಲೇಜಿನ ಬೋರ್ಡಿಗೆ ನೋಟೀಸು ಬಿದ್ದ ಮೇಲೆ ಲೆಕ್ಕ ಸರಳವಾಯಿತು. ಈ ಸಲ ಹೋದರೆ ಮೂರು ವರ್ಷದ ಡಿಗ್ರಿಯೇ ಇಲ್ಲ.

ನಾಗಮಂಗಲದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರ ಜಾಗ ಖಾಲಿಯಿತ್ತು. ಅಲ್ಲಿನ ಹೆಡ್‌ಮಾಸ್ಟರು ಮಹದೇವಸ್ವಾಮಿ ಒಳ್ಳೆಯವರು. "ಸಂಕ್ರಾಂತಿವರ್ಗೂ ಕಾಯ್ತೀನಿ ಕಣಪ್ಪ. ಮಾರ್ಕ್ಸ್ ಕಾರ್ಡ್ ತಂದು ಮೇಜಿನ ಮೇಲಿಡು, ಚಾಕ್‌ಪೀಸ್ ತಗೊಂಡು ಕ್ಲಾಸಿಗೆ ಹೋಗು. ಅದಾದ್ಮೇಲೆ ನನ್ನ ಕೇಳ್ಬೇಡ" ಎಂದಿದ್ದರು.

ಇಲ್ಲದಿದ್ದರೆ ಕೆ.ಆರ್. ಪೇಟೆಯ ಅಂಗಡಿ ಇದ್ದೇ ಇತ್ತು. ಆರಡಿಗೆ ಎಂಟಡಿಯ ಚಿನ್ನಬೆಳ್ಳಿ ಕೆಲಸದ ಅಂಗಡಿ. ಒಬ್ಬ ಕಾಲು ಚಾಚಿದರೆ ಇನ್ನೊಬ್ಬ ಮಡಿಸಬೇಕು. ಅಪ್ಪ ಸೋಮಾಚಾರಿಯ ಕಣ್ಣಿಗೆ ಪೊರೆ ಬಂದ ಮೇಲೆ ಸಣ್ಣ ಕೆಲಸವೆಲ್ಲ ದೇವರಾಜುವಿನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಚಕ್ಕಂಬಕ್ಕಳ ಹಾಕಿದರೆ ಸಂಜೆ ಏಳುವಾಗ ಕಾಲು ತನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಎದುರಿಗೆ ಕೆಂಡ, ಬೆನ್ನಿಗೆ ಗೋಡೆ. ಬೀದಿಯಲ್ಲಿ ಹೋಗುವವರು ಸೊಂಟದಿಂದ ಕೆಳಗಷ್ಟೇ ಕಾಣುತ್ತಿದ್ದರು. ಇಪ್ಪತ್ತೈದು ವರ್ಷಕ್ಕೇ ಅವನಿಗೆ ಊರಿನವರ ಚಪ್ಪಲಿಗಳೆಲ್ಲ ಗುರುತು ಸಿಗುತ್ತಿದ್ದವು.

ಆ ಅಂಗಡಿಯಲ್ಲಿ ಚಿಕ್ಕಂದಿನಿಂದ ಕಲಿತ ಪಾಠ ಒಂದೇ. ಹಳೆಯ ಒಡವೆ ಕೈಗೆ ಬಂದರೆ ಒರೆಗಲ್ಲಿಗೆ ಉಜ್ಜಿ ನೋಡದೆ ಒಪ್ಪಬಾರದು. ಒಂದು ಮಗ್ಗುಲು ಉಜ್ಜಿ ಒಪ್ಪಿದವನು ಕೆಟ್ಟ. ಎಲ್ಲ ಮಗ್ಗುಲಲ್ಲೂ ಕಲ್ಲಿನ ಮೇಲೆ ಒಂದೇ ಬಣ್ಣದ ಗೆರೆ ಮೂಡಬೇಕು. ಅವನ ಗಣಿತ ಕೆಟ್ಟದ್ದು ಇಲ್ಲಿಂದಲೇ.

ಮಾಮೂಲಿ ಗಣಿತದಲ್ಲಿ ಒಂದು ಬಿಂದುವಿನ ಹತ್ತಿರ ಹೋಗಲು ಇರುವುದು ಎರಡೇ ದಾರಿ, ಎಡದಿಂದ ಮತ್ತು ಬಲದಿಂದ. ಎರಡೂ ಕಡೆಯಿಂದ ಇಳಿಜಾರು ಒಂದೇ ಬಂದರೆ ಫಂಕ್ಷನ್ನು ಡಿಫರೆನ್ಷಿಯಬಲ್. ಕಾಂಪ್ಲೆಕ್ಸ್ ಸಂಖ್ಯೆಗಳು ಗೆರೆಯ ಮೇಲಿಲ್ಲ, ಬಯಲಿನಲ್ಲಿ ಹರಡಿಕೊಂಡಿವೆ. ಅಲ್ಲಿ ಬಿಂದುವಿನ ಹತ್ತಿರಕ್ಕೆ ಅಡ್ಡಲಾಗಿ ಬರಬಹುದು, ಉದ್ದಕ್ಕೆ ಬರಬಹುದು, ಓರೆಯಾಗಿ ಬರಬಹುದು, ಸುತ್ತಿಕೊಂಡೂ ಬರಬಹುದು. ಹೇಗೆ ಬಂದರೂ ಉತ್ತರ ಒಂದೇ ಇರಬೇಕು. ಈ ಮಾತನ್ನು ಕ್ಲಾಸಿನಲ್ಲಿ ಮೊದಲ ಸಲ ಕೇಳಿದಾಗ ದೇವರಾಜುವಿಗೆ ಇದು ನಮ್ಮ ಮನೆಯ ಮಾತೇ ಅನ್ನಿಸಿ ಮೈ ಜುಮ್ಮೆಂದಿತ್ತು. ಮುಂದಿನ ಮಾತಿಗೆ ಮಾತ್ರ ಅವನು ಸಿಕ್ಕಿಬಿದ್ದ. ಅಡ್ಡ ಮತ್ತು ಉದ್ದ ಎರಡು ದಿಕ್ಕಿನಲ್ಲಿ ಉತ್ತರ ಕೂಡಿಬಂದು, ಅಂದರೆ ಕೋಶಿ-ರೀಮಾನ್ ಸಮೀಕರಣಗಳು ಹೊಂದಿ, ಜೊತೆಗೆ ಪಾರ್ಷಿಯಲ್ ಡಿರೈವೇಟಿವ್‌ಗಳು, ಎಂದರೆ ಆ ಒಂದೊಂದು ದಿಕ್ಕಿನ ಇಳಿಜಾರುಗಳು, ಆ ಬಿಂದುವಿನ ಸುತ್ತಮುತ್ತ ಎಲ್ಲೂ ತುಂಡಾಗದೆ ಹರಿದರೆ ಸಾಕು, ಉಳಿದ ದಿಕ್ಕುಗಳನ್ನು ನೋಡಬೇಕಿಲ್ಲ ಎಂದರು ಲೆಕ್ಚರರು.

"ಅಷ್ಟೂ ದಿಕ್ಕು ಬಿಟ್ಟು ಎರಡೇ ನೋಡಿದ್ರೆ ಹೆಂಗೆ ಸಾ?" ಎಂದು ಅವನು ಎದ್ದು ಕೇಳಿದ್ದ.

"ಪ್ರಮೇಯ ಇದೆಯಲ್ಲಪ್ಪ. ನಂಬಿ ಬರಿ, ಮಾರ್ಕ್ಸ್ ಬರುತ್ತೆ."

ಪ್ರಮೇಯದ ಸಾಧನೆ ಅವನಿಗೆ ಬಾಯಿಪಾಠವಾಗಿತ್ತು. ಕೈ ಮಾತ್ರ ಒಪ್ಪುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎರಡು ದಿಕ್ಕು ಮುಗಿಸಿ, ಸಾಲದೆಂದು ಓರೆ ಗೆರೆಯೊಂದನ್ನು ನೋಡುವನು. ಅದೂ ಸರಿಬಂದರೆ ಇನ್ನೊಂದು ಓರೆ, ಆಮೇಲೆ ಒಂದು ಬಾಗಿದ ಗೆರೆ. ದಿಕ್ಕುಗಳಿಗೆ ಕೊನೆಯೆಲ್ಲಿ? ಕಳೆದ ಏಪ್ರಿಲ್‌ನಲ್ಲಂತೂ ಸರಿಯಾಗಿ ಬರೆದು ಮುಗಿಸಿದ್ದ ಉತ್ತರವನ್ನೇ ಹೊಡೆದುಹಾಕಿ, ನಾಲ್ಕು ಅಡಿಷನಲ್ ಶೀಟು ತುಂಬಿಸಿ, ಬೆಲ್ಲು ಹೊಡೆದಾಗ ಐದನೆಯದಕ್ಕೆ ಕೈಯೆತ್ತಿದ್ದ. ಬಂದದ್ದು ಹತ್ತೊಂಬತ್ತು ಮಾರ್ಕ್ಸು.

ಪರೀಕ್ಷೆಗೆ ಒಂಬತ್ತು ದಿನವಿರುವಾಗ ಪುಟ್ಟತಾಯಮ್ಮ ಅಂಗಡಿಗೆ ಬಂದರು. ಹೊಸಹೊಳಲಿನವರು, ಅಪ್ಪನ ಹಳೆಯ ಗಿರಾಕಿ. ಹಳೆಯ ಕಡಗ ಕರಗಿಸಿ ಮೊಮ್ಮಗಳು ಮಾನಸಳಿಗೆ ಜುಮುಕಿ ಮಾಡಿಸಬೇಕಿತ್ತು. ದೇವರಾಜು ಕಡಗವನ್ನು ಕಲ್ಲಿಗೆ ಉಜ್ಜಿದ. ಹೊರಮೈ ಹಳದಿ, ಒಳಮೈ ಹಳದಿ. ತಿರುಗಿಸಿ ಕೊಂಡಿಯ ಹತ್ತಿರ ಉಜ್ಜಿದ.

"ಏನ್ಲಾ ಅದು, ಪಾತ್ರೆ ಬೆಳ್ಗ್ದಂಗೆ. ನನ್ನ ಕಡ್ಗ ಎಲ್ಲ ನಿನ್ನ ಕಲ್ಲಿಗೇ ಓಯ್ತದೆ" ಎಂದರು ಪುಟ್ಟತಾಯಮ್ಮ.

"ಇಲ್ಲಿ ಕೆಂಪು ಒಡೀತದೆ ಅಜ್ಜಿ."

ಅಪ್ಪ ಕಲ್ಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡರು. "ಬೆಸುಗೆ ಕಣವ್ವ. ಕೊಂಡಿ ಕೂಡಿಸ್ದೋನು ತಾಮ್ರ ಜಾಸ್ತಿ ಇಟ್ಟವ್ನೆ. ಮಿಕ್ಕಿದ್ದು ಚೊಕ್ಕವಾಗೇ ಅದೆ."

ಬೆಸುಗೆಯ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಮೂಸೆಗೆ ಹಾಕಿ ಕರಗಿಸಿದರು. ಪುಟ್ಟತಾಯಮ್ಮ ಮೂಸೆಯಿಂದ ಕಣ್ಣು ಕೀಳದೆ ಕೂತಿದ್ದರು. ಚಿನ್ನ ತಣಿದು ಗುಂಡನೆಯ ಗಟ್ಟಿಯಾಗಿ ಈಚೆಗೆ ಬಂತು. ದೇವರಾಜು ಅಭ್ಯಾಸಬಲದಿಂದ ಆ ಗಟ್ಟಿಯನ್ನೂ ಎತ್ತಿಕೊಂಡು ಕಲ್ಲಿಗೆ ಉಜ್ಜಿದ. ತಿರುಗಿಸಿ ಉಜ್ಜಿದ. ಮತ್ತೆ ತಿರುಗಿಸಿದ.

"ಲೇ, ಏನ್ಲಾ ಮಾಡ್ತಿದ್ದೀಯ?" ಎಂದರು ಅಪ್ಪ.

"ನೋಡ್ತಾವ್ನಿ."

"ಎಷ್ಟು ಕಡೆ ನೋಡೀಯೆ?"

"ಎಲ್ಲಾ ಕಡೆನೂವೆ."

"ಗುಂಡಗಿರೋದಕ್ಕೆ ಎಲ್ಲಾ ಕಡೆ ಅಂದ್ರೆ ಎಷ್ಟ್ಲಾ ಕಡೆ? ನಾನು ಸತ್ರೂ ಮುಗಿಯಾಕಿಲ್ಲ." ಅಪ್ಪ ಗಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡರು. "ಬೆಸುಗೆ ಇರೋದ್ನ ಮೂಲೆಮೂಲೆನೂ ಉಜ್ಜಬೇಕು. ಯಾಕೇಂದ್ರೆ ಅದು ಅಲ್ಲೊಂದು ಇಲ್ಲೊಂದು. ಇದು ನಿನ್ನ ಕಣ್ಣೆದ್ರಿಗೇ ನೀರಾಗಿ ಒಂದಾಯ್ತಲ್ಲ, ಇದ್ರಲ್ಲಿ ಬ್ಯಾರೆ ಕಡೆ ಅನ್ನೋದು ಎಲ್ಲದೆ? ಎರಡು ಗೆರೆ ಎಳಿ, ಬುಡು."

"ನಿನ್ನ ಮಗ ನನ್ನ ನಂಬಾಕಿಲ್ಲ ಅನ್ಕಂಡಿದ್ದೆ ಆಚಾರಿ. ಬೆಂಕಿನೂ ನಂಬಾಕಿಲ್ಲ ಅನ್ನು" ಎಂದು ಪುಟ್ಟತಾಯಮ್ಮ ನಕ್ಕರು.

ದೇವರಾಜು ನಗಲಿಲ್ಲ. ನೋಟ್ಸಿನಲ್ಲಿದ್ದ ಒಂದು ಹಾಳು ಲೆಕ್ಕ ನೆನಪಾಗಿತ್ತು. ಎಕ್ಸನ್ನು ವೈಯಿಂದ ಗುಣಿಸಿ, ಋಣ ಚಿಹ್ನೆ ತೆಗೆದು, ವರ್ಗಮೂಲ ಹಿಡಿದ ಫಂಕ್ಷನ್ನು. ಸೊನ್ನೆಯ ಬಳಿ ಅಡ್ಡಕ್ಕೆ ಬಂದರೂ ಸೊನ್ನೆ, ಉದ್ದಕ್ಕೆ ಬಂದರೂ ಸೊನ್ನೆ. ಎರಡೂ ಸಮೀಕರಣ ಹೊಂದುತ್ತವೆ. ಓರೆಯಾಗಿ ಬಂದರೆ ಮಾತ್ರ ಉತ್ತರ ಬೇರೆ. ಅದರ ಡಿರೈವೇಟಿವ್‌ಗಳು ಸೊನ್ನೆಯ ಪಕ್ಕದಲ್ಲೇ ಒಡೆದುಹೋಗಿರುತ್ತವೆ. ಬೆಸುಗೆ ಹಾಕಿದ ಒಡವೆ ಅದು. ಅದನ್ನು ಅನುಮಾನಿಸಿದ್ದು ಸರಿಯೇ. ಆದರೆ ಅವನು ಚೊಕ್ಕವಾಗಿ ಕರಗಿ ಒಂದಾದದ್ದನ್ನೂ ಮೂರು ವರ್ಷದಿಂದ ಅದೇ ಅನುಮಾನದಲ್ಲಿ ಉಜ್ಜುತ್ತಿದ್ದ.

ಪರೀಕ್ಷೆ ಪಾಂಡವಪುರದಲ್ಲಿ. ಚಿನಕುರಳಿಯ ದಾರಿಯ ಮೊದಲ ಬಸ್ಸಿಗೆ ಹೋಗಿ ಕೂತ. ಪ್ರಶ್ನೆಪತ್ರಿಕೆಯಲ್ಲಿ ವರ್ಗಮೂಲದ ಲೆಕ್ಕ ಬಂದಿತ್ತು. ಓರೆ ಗೆರೆಯೊಂದನ್ನು ಹಿಡಿದು ಎಂಟು ಸಾಲಿನಲ್ಲಿ ಅದರ ಗುಟ್ಟು ಬಯಲು ಮಾಡಿದ. ಮುಂದಿನದು ಇ-ಯ ಘಾತ ಜ಼ಡ್ ಎನ್ನುವ ಫಂಕ್ಷನ್ನು, ಎಲ್ಲೆಲ್ಲೂ ಡಿಫರೆನ್ಷಿಯಬಲ್ ಎಂದು ತೋರಿಸಬೇಕು. ಎರಡು ಸಮೀಕರಣ ಹೊಂದಿಸಿದ. ಪಾರ್ಷಿಯಲ್ ಡಿರೈವೇಟಿವ್‌ಗಳು ಎಲ್ಲೆಡೆ ಅಖಂಡವಾಗಿವೆ, ಆದ್ದರಿಂದ ಸಾಧಿತ ಎಂದು ಬರೆದ. ತಕ್ಷಣ ಪುಟ ತಿರುಗಿಸಿದ.

ಎಲ್ಲ ಬರೆದು ತಲೆಯೆತ್ತಿದಾಗ ಗೋಡೆಯ ಗಡಿಯಾರದಲ್ಲಿ ಇನ್ನೂ ಇಪ್ಪತ್ತೆಂಟು ನಿಮಿಷ ಉಳಿದಿತ್ತು. ಎದ್ದು ನಿಂತ.

"ಕೊನೆ ಅರ್ಧಗಂಟೆ ಯಾರೂ ಆಚೆ ಹೋಗಂಗಿಲ್ಲ" ಎಂದರು ಮೇಲ್ವಿಚಾರಕಿ ರಾಧಾಮಣಿ ಮೇಡಂ.

"ಹೋಗಲ್ಲ ಮೇಡಂ. ಪೇಪರ್ ಮಾತ್ರ ಈಗ್ಲೇ ಇಸ್ಕೊಳಿ."

"ಎಲ್ಲಾರ್ದೂ ಒಟ್ಟಿಗೇ ಇಸ್ಕೊಳೋದು. ಕೂತ್ಕೊಂಡು ಇನ್ನೊಂದ್ಸಲ ನೋಡು. ತಪ್ಪೇನಿಲ್ಲ."

ಅವನು ಕೂತ. ಪೇಪರು ಎದುರಿಗೇ ಇತ್ತು. ಮೇಜಿನ ಮೂಲೆಯಲ್ಲಿ, ಕೇಳದಿದ್ದರೂ ಯಾರೋ ಇಟ್ಟುಹೋದ ಒಂದು ಅಡಿಷನಲ್ ಶೀಟು. ಕಿಟಕಿಗೆ ಸರಳು, ಬಾಗಿಲಿಗೆ ಜವಾನ. ತಂತಾನೆ ಮೂರನೆಯ ಪುಟ ತೆರೆದುಕೊಂಡಿತ್ತು. ಎರಡೇ ದಿಕ್ಕು. ಒಂದು ಓರೆ ಗೆರೆ ನೋಡಿಬಿಟ್ಟರೆ ಏನು ಹೋದೀತು? ಒಂದೇ ಒಂದು. ಅವನಿಗೆ ಗೊತ್ತಿತ್ತು, ಏಪ್ರಿಲ್‌ನಲ್ಲೂ ಒಂದೇ ಒಂದು ಎಂದೇ ಶುರುವಾಗಿತ್ತು. ಪೆನ್ನಿನ ಮೊನೆ ಆಗಲೇ ‘ಆದ್ದರಿಂದ ಸಾಧಿತ’ ಎಂಬ ಕೊನೆಯ ಸಾಲಿನ ಮೇಲೆ ಬಂದು ನಿಂತಿತ್ತು.

ಮುಂದಿನ ಬೆಂಚಿನ ಹುಡುಗಿ ರೀಫಿಲ್ಲನ್ನು ಬಾಯಲ್ಲಿ ಊದುತ್ತಿದ್ದಳು, ಅಂಗೈಗೆ ಗೀಚುತ್ತಿದ್ದಳು. ಬರೀ ಬಿಳಿ ಗೆರೆ. ಅಳುವ ದನಿಯಲ್ಲಿ "ಮೇಡಂ, ಯಾರ ಹತ್ರನಾದ್ರೂ ಇನ್ನೊಂದು ಪೆನ್ ಇದ್ರೆ..." ಎಂದಳು.

ದೇವರಾಜು ಮುಂದಕ್ಕೆ ಬಾಗಿ ತನ್ನದನ್ನು ಕೊಟ್ಟ.

"ನಿಮ್ಗೆ?" ಎಂದಳು ಅವಳು, ಆಗಲೇ ಬರೆಯುತ್ತ.

"ನಂದಾಯ್ತು."

ಅವನ ಜೇಬಿನಲ್ಲಿ ಬೇರೆ ಪೆನ್ನಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು ಕೂತ. ಬೆರಳುಗಳು ಅಲ್ಲೇ ಮಿಸುಕುತ್ತಿದ್ದವು. ಬೆಲ್ಲು ಹೊಡೆಯಲು ಇನ್ನೂ ಇಪ್ಪತ್ತೆರಡು ನಿಮಿಷ ಇತ್ತು.